ಎರಡು ಗುಂಪಿನ ಬ್ಯಾಂಡಿಗೆ ಮ್ಯೂಸ್‌ಸ್ಕೋರ್ 4 ಸಾಕೇ?

ನಮ್ಮ ಬದಿಯಡ್ಕ, ಕುಂಬಳೆ ಕಡೆ ಊದುವವರಿಗೆ ಬರವಿಲ್ಲ. ದೇವಸ್ಥಾನದ ಸ್ಯಾಕ್ಸೋಫೋನಿನವರು ಒಂದು ಕಡೆ, ಇಗರ್ಜಿ ಹಬ್ಬದ ಬ್ಯಾಂಡ್‌ಸೆಟ್ಟಿನವರು ಇನ್ನೊಂದು ಕಡೆ. ಕದ್ರಿ ಗೋಪಾಲನಾಥರ ದಾರಿ ಹಿಡಿದವರಿಗೆ ಗಮಕ, ಅಂದರೆ ಸ್ವರದ ತೂಗಾಟ, ಬೇಕೇ ಬೇಕು. ಟ್ರಂಪೆಟ್ಟಿನವರಿಗೆ ಸ್ವರ ಕಡಿದಂತೆ ನೆಟ್ಟಗೆ ಬರಬೇಕು. ಇವರನ್ನು ಎದುರುಬದುರು ಕೂರಿಸಿ ಒಂದು ಕೃತಿ ಕಟ್ಟುವ ಹುಚ್ಚು ನನ್ನದು. ಬರೆದದ್ದು ಸ್ವರಲಿಪಿ ಬರೆದು ಕೇಳುವ ಕಂಪ್ಯೂಟರ್ ಸಾಫ್ಟ್‌ವೇರ್ ಆದ ಮ್ಯೂಸ್‌ಸ್ಕೋರ್ 4ರಲ್ಲಿ.

ಶ್ರುತಿಯ ತಲೆನೋವು ಇದರಲ್ಲಿ ಇಲ್ಲ. ಆಲ್ಟೋ ಸ್ಯಾಕ್ಸ್‌ನವರು ಹಾಳೆಯಲ್ಲಿರುವ ‘ಸಿ’ ಊದಿದರೆ ಕೇಳುವುದು ಕೆಳಗಿನ ‘ಇ ಫ್ಲ್ಯಾಟ್’, ಟ್ರಂಪೆಟ್ಟಿನಲ್ಲಿ ‘ಬಿ ಫ್ಲ್ಯಾಟ್’. ‘ಕಾನ್ಸರ್ಟ್ ಪಿಚ್’ ಗುಂಡಿ ಒತ್ತಿ, ಕಿವಿಗೆ ಕೇಳುವ ಸ್ವರದಲ್ಲೇ ಬರೆಯಿರಿ. ಆಮೇಲೆ ಅದನ್ನು ತೆಗೆದರೆ ಊದುವವರ ಸ್ವರ ತಾನೇ ಬರುತ್ತದೆ. ವಾದ್ಯಕ್ಕೆ ಎಟುಕದ ಸ್ವರ ಕೆಂಪಾಗುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಮಿಕ್ಸರ್, ಅಂದರೆ ಒಂದೊಂದು ವಾದ್ಯದ ಸದ್ದನ್ನೂ ಬೇರೆಬೇರೆಯಾಗಿ ಹೊಂದಿಸುವ ಫಲಕ. ಸ್ಯಾಕ್ಸ್, ಕ್ಲಾರಿನೆಟ್‌ಗಳನ್ನು ಎಡಕ್ಕೆ ತಿರುಗಿಸಿದೆ. ಟ್ರಂಪೆಟ್, ಟ್ರೋಂಬೋನ್‌ಗಳನ್ನು ಬಲಕ್ಕೆ. ಇಯರ್‌ಫೋನ್ ಹಾಕಿದರೆ ಪ್ರಶ್ನೆ ಈ ಕಿವಿಗೆ, ಉತ್ತರ ಆ ಕಿವಿಗೆ. ಹದಿನಾರನೇ ಶತಮಾನದ ಕೊನೆಗೆ ವೆನಿಸ್‌ನ ಸೇಂಟ್ ಮಾರ್ಕ್ ಇಗರ್ಜಿಯಲ್ಲಿ ಸಂಗೀತ ರಚನಕಾರ ಗೇಬ್ರಿಯೇಲಿ ವಾದ್ಯಗಳನ್ನು ಗುಂಪು ಮಾಡಿ ಕೇಳಿಸಿದ್ದೂ ಇದೇ ಆಟ, ಅಲ್ವಾ? ಸೋಲೋ ಒತ್ತಿ ಒಂದೇ ಗುಂಪನ್ನು ಕೇಳಬಹುದು. ಸ್ಯಾಕ್ಸ್‌ನವರ ಉದ್ದದ ರಾಗ ಒಂಟಿಯಾಗಿ ನಿಲ್ಲುತ್ತದೆ. ಟ್ರಂಪೆಟ್ಟಿನ ತುಂಡು ಸ್ವರಗಳು ಮಾತ್ರ ಎದುರಿಗೆ ಯಾರೂ ಇಲ್ಲದಿದ್ದರೆ ಸುಮ್ನೆ ಗಲಾಟೆ. ಅದಕ್ಕೇ ನಡುವೆ ಕೆಲಸ ಅದಲುಬದಲು ಮಾಡಿದೆ. ಮ್ಯೂಟ್ (ಸದ್ದು ತಗ್ಗಿಸಲು ವಾದ್ಯದ ಬಾಯಿಗೆ ಇಡುವ ಮುಚ್ಚಳ) ಹಾಕಿದ ಟ್ರಂಪೆಟ್ಟಿಗೆ ರಾಗ, ಸ್ಯಾಕ್ಸ್‌ಗೆ ತಾಳದ ಪೆಟ್ಟು. ಎರಡನ್ನೂ ಬೆಸೆಯಲು ಯೂಫೋನಿಯಂ ಇದೆ. ಟ್ರಂಪೆಟ್ಟಿನ ಹಿತ್ತಾಳೆ ಗುಂಪಿನದಾದರೂ ಅದರ ಕೊಳವೆ ಸ್ಯಾಕ್ಸ್‌ನ ಹಾಗೆ ಅಗಲವಾಗುತ್ತಾ ಹೋಗುತ್ತದೆ, ನಾದ ಮೆತ್ತಗೆ.

ನಂಬಬಾರದ್ದೂ ಇದೆ. ಕಂಪ್ಯೂಟರಿಗೆ ಉಸಿರು ಬೇಕಿಲ್ಲ, ಎಷ್ಟು ಉದ್ದ ಬರೆದರೂ ಊದುತ್ತದೆ. ನಮ್ಮ ಹಿರಿಯ ಸ್ಯಾಕ್ಸ್‌ನವರು ಹಾಳೆ ನೋಡಿ, "ಮಾಷ್ಟ್ರೇ, ಇಲ್ಲಿ ಉಸಿರು ಎಳೆಯುವುದು ಯಾವಾಗ?" ಎಂದರು. ಎರಡು ಗುಂಪು ಇರುವುದರ ಲಾಭ ಅಲ್ಲೇ ತಿಳಿದದ್ದು. ಒಬ್ಬರ ಕೊನೆಯ ಸ್ವರದ ಮೇಲೆ ಇನ್ನೊಬ್ಬರು ಹತ್ತಿದರೆ ಉಸಿರಿಗೆ ಜಾಗವೂ ಆಯಿತು, ನಾದವೂ ಕಡಿಯಲಿಲ್ಲ. ಗಮಕ ಮಾತ್ರ ಇದರ ಸ್ಪೀಕರಿನಿಂದ ಕೇಳುವ ಆಸೆ ಬೇಡ. ಗಮಕ ಬರುವಲ್ಲಿ ಸ್ವರಗಳ ಮೇಲೆ ಗೆರೆ ಎಳೆದು ಬಿಡಿ, ಉಳಿದದ್ದು ಊದುವವರಿಗೆ ಗೊತ್ತು.

ಇಳಿಸುವಾಗ ಮ್ಯೂಸ್‌ಸ್ಕೋರ್ ಡಾಟ್ ಆರ್ಗ್‌ಗೆ ಹೋಗಿ, ಪೂರ್ತಿ ಉಚಿತ. ಡಾಟ್ ಕಾಮ್‌ನಲ್ಲಿ ಚಂದಾ ಕೇಳುವುದು ಬೇರೆಯವರ ಸ್ಕೋರ್‌ಗಳಿಗೆ. ವಾದ್ಯಗಳ ಸಹಜ ಸದ್ದಿನ ಸಂಗ್ರಹವಾದ ಮ್ಯೂಸ್ ಸೌಂಡ್ಸ್ ಕೂಡ ಉಚಿತವೇ, ಆದರೆ ಗಾತ್ರ ದೊಡ್ಡದು. ಮೊಬೈಲ್ ಡೇಟಾದಲ್ಲಿ ಇಳಿಸಲು ಹೋಗಬೇಡಿ.