ಟೆರಿಯಾಕಿ ಸಾಲ್ಮನ್: ಬಾಟಲಿ, ಓವನ್, ಏರ್ ಫ್ರೈಯರ್ ಎಲ್ಲ ಆಯಿತು, ಮರಳಿ ಬಂದದ್ದು ಬಾಣಲೆಗೆ

ಮೊದಲೇ ಹೇಳಿಬಿಡುತ್ತೇನೆ, ಟೆರಿಯಾಕಿ ಸಾಲ್ಮನ್, ಅಂದರೆ ಸೋಯಾ ಮತ್ತು ಸಕ್ಕರೆಯ ಹೊಳೆಯುವ ಸಾಸ್ ಹೊದ್ದ ಸಾಲ್ಮನ್ ಮೀನು, ಮಾಡುವುದಕ್ಕೆ ನನ್ನ ಓಟು ಬಾಣಲೆಗೆ. ಸಾಸ್ ಕೂಡ ಮನೆಯಲ್ಲೇ ಕಲಸಿದ್ದು, ಬಾಟಲಿಯದ್ದಲ್ಲ. ಅದನ್ನೂ ಕೊನೆಯ ಎರಡು ನಿಮಿಷದಲ್ಲಿ ಹಾಕಬೇಕು, ಅದಕ್ಕಿಂತ ಮುಂಚೆ ಒಂದು ಹನಿಯೂ ಬೇಡ. ಇಷ್ಟು ಖಡಕ್ಕಾಗಿ ಹೇಳುತ್ತಿರುವುದಕ್ಕೆ ಕಾರಣ ಒಂದು ಹಾಳಾದ ಸಂಜೆ.

ಅವತ್ತು ಕೆಲಸ ಮುಗಿಸಿ ಬರುವಾಗ ಎರಡು ತುಂಡು ಸಾಲ್ಮನ್ ಜೊತೆಗೆ ಒಂದು ದೊಡ್ಡ ಬಾಟಲಿ ಟೆರಿಯಾಕಿ ಸಾಸ್ ತಂದಿದ್ದೆ. ಲೇಬಲ್ ಮೇಲೆ ಫಳಫಳ ಹೊಳೆಯುವ ಮೀನಿನ ಚಿತ್ರ. ಹಿಂದುಗಡೆ ಮೂರೇ ಮಾತು: ನೆನೆಸಿ, ಬೇಯಿಸಿ, ಬಡಿಸಿ. ನಾನೂ ಹಾಗೇ ಮಾಡಿದೆ. ಒಂದು ಗಂಟೆ ನೆನೆಸಿ, ಬಾಣಲೆ ಚೆನ್ನಾಗಿ ಕಾಯಿಸಿ, ಸಾಸ್ ಸೋರುತ್ತಿದ್ದ ತುಂಡುಗಳನ್ನು ಹಾಗೇ ಅದರಲ್ಲಿ ಇಳಿಬಿಟ್ಟೆ. ಮೊದಲ ಅರ್ಧ ನಿಮಿಷ ಘಮಘಮ. ಒಂದೂವರೆ ನಿಮಿಷಕ್ಕೆ ಘಾಟು. ಮಗುಚಲು ಹೋದರೆ ಮೀನು ಏಳುತ್ತಿಲ್ಲ. ಸ್ವಲ್ಪ ಬಲ ಹಾಕಿದೆ ನೋಡಿ, ಮೇಲಿನ ಅರ್ಧ ಕೈಗೆ ಬಂತು, ಕೆಳಗಿನ ಅರ್ಧ ಕರ್ರಗೆ ತಳ ಹಿಡಿದು ಅಲ್ಲೇ ಕೂತಿತು. ಅಷ್ಟರಲ್ಲಿ ಹೊಗೆ ಅಲಾರಂ ಕಿರುಚತೊಡಗಿತು. ಕಿಟಕಿ ತೆಗೆದು, ಟವೆಲ್ ಬೀಸಿ, ವಾಪಸ್ ಬಂದು ಮುರಿದು ನೋಡಿದರೆ ನಡುವೆ ಇನ್ನೂ ಹಸಿ. ಹೊರಗೆ ಇದ್ದಲು, ಒಳಗೆ ಹಸಿ ಮೀನು. ಬಾಣಲೆ ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆದರೂ ಆ ಕರಿ ಬಿಡಲಿಲ್ಲ. ಉಜ್ಜಿ ಉಜ್ಜಿ ನಾನ್‌ಸ್ಟಿಕ್ ಪದರವೇ ಎದ್ದುಹೋಯಿತು.

ಬಾಟಲಿಯವರನ್ನು ಬೈದುಕೊಂಡೆ, ಸುಳ್ಳು ಹೇಳಲ್ಲ. ಆಮೇಲೆ ಅನ್ನಿಸಿತು, ತಪ್ಪು ಪೂರ್ತಿ ಅವರದ್ದಲ್ಲ. ಸಕ್ಕರೆ ಹೇಗೆ ವರ್ತಿಸುತ್ತದೆ ಅನ್ನುವುದು ನನಗೆ ಗೊತ್ತಿರಬೇಕಿತ್ತು. ಸಾಸ್‌ನಲ್ಲಿ ನೀರು ಇರುವ ತನಕ ಅದರ ಕಾವು 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಆರಿತೋ, ಕಾವು ಸರ್ರನೆ ಏರುತ್ತದೆ. ಸಕ್ಕರೆ 160 ಡಿಗ್ರಿ ದಾಟಿದ ಮೇಲೆ ಕಂದಾಗಿ, ಆಮೇಲೆ ಕಪ್ಪಾಗಿ, ಕಹಿಯಾಗುತ್ತದೆ. ಸೋಯಾ ಸಾಸ್‌ನಲ್ಲಿರುವ ಅಮೈನೋ ಆಮ್ಲಗಳು ಜೊತೆಗೆ ಸೇರಿದರೆ ಬಣ್ಣ ಇನ್ನೂ ಬೇಗ ತಿರುಗುತ್ತದೆ. ಜೇನುತುಪ್ಪ ಇದ್ದರಂತೂ ಕೇಳಲೇಬೇಡಿ, ಅದರಲ್ಲಿರುವ ಫ್ರಕ್ಟೋಸ್ ಮಾಮೂಲಿ ಸಕ್ಕರೆಗಿಂತ ತುಂಬಾ ಕಡಿಮೆ ಕಾವಿನಲ್ಲೇ ಸೀಯಲು ಶುರುವಾಗುತ್ತದೆ. ಬಿಸಿ ಬಾಣಲೆಯ ಮೇಲೆ ತೆಳುವಾಗಿ ಹರಡಿದ ಸಾಸ್‌ಗೆ ನೀರು ಆರಲು ನಿಮಿಷವೂ ಬೇಡ. ಆದರೆ ಎರಡೂವರೆ ಸೆಂಟಿಮೀಟರ್ ದಪ್ಪದ ಮೀನು ಒಳಗಿನ ತನಕ ಬೇಯಲು ಏಳೆಂಟು ನಿಮಿಷ ಬೇಕು. ಈ ಎರಡು ಗಡಿಯಾರಗಳನ್ನು ಒಟ್ಟಿಗೆ ಓಡಿಸಲು ಹೋಗಿದ್ದೇ ನನ್ನ ದಡ್ಡತನ.

ಉರಿ ಕಡಿಮೆ ಮಾಡಿದರೆ ಆಯ್ತಲ್ವಾ ಅಂತ ಕೇಳಬಹುದು. ಅದನ್ನೂ ಮಾಡಿ ನೋಡಿದೆ, ಮುಂದಿನ ವಾರ, ಅದೇ ಬಾಟಲಿಯಿಂದ. ಈ ಸಲ ಸೀಯಲಿಲ್ಲ. ಆದರೆ ಒದ್ದೆ ಮೀನು ಸಣ್ಣ ಉರಿಯಲ್ಲಿ ತನ್ನದೇ ನೀರಿನಲ್ಲಿ ಕುದಿಯಿತು. ಬೂದುಬಣ್ಣದ ಮೆತ್ತನೆಯ ಮೀನು, ಚರ್ಮ ಒದ್ದೆ ರಬ್ಬರ್. ಮೇಲಿನ ನೀರು ಆರದೆ ಮೀನು ಕೆಂಪಾಗುವುದಿಲ್ಲ, ನೀರು ಆರಿದ ಮರುಕ್ಷಣವೇ ಸಾಸ್ ಸೀಯುತ್ತದೆ. ನೆನೆಸಿ ಹುರಿಯುವ ದಾರಿಯಲ್ಲಿ ಈ ಇಕ್ಕಟ್ಟಿನಿಂದ ಪಾರಾಗಲು ನನಗಂತೂ ಆಗಲಿಲ್ಲ. ಇನ್ನೊಂದು ಸಲ ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿಟ್ಟು ನೋಡಿದೆ. ಉಪ್ಪು ನೀರೆಳೆದು ಮೀನು ಗಟ್ಟಿಯಾಗಿ, ಒಣಗಿಸಿಟ್ಟ ಉಪ್ಪುಮೀನಿನ ತರಹ ಆಗಿತ್ತು. ಅದು ಬೇಡವೇ ಬೇಡ.

ಆಮೇಲೆ ಹೆಸರಿನ ಅರ್ಥ ಗೊತ್ತಾಯಿತು. ಜಪಾನಿ ಭಾಷೆಯಲ್ಲಿ ತೆರಿ ಅಂದರೆ ಹೊಳಪು, ಯಾಕಿ ಅಂದರೆ ಸುಟ್ಟದ್ದು ಅಥವಾ ಹುರಿದದ್ದು. ಅಂದರೆ ಟೆರಿಯಾಕಿ ಎನ್ನುವುದು ಒಂದು ಸಾಸ್‌ನ ಹೆಸರಲ್ಲ, ಮಾಡುವ ರೀತಿಯ ಹೆಸರು. ಜಪಾನಿನ ಮನೆಗಳಲ್ಲಿ ಬುರಿ ಅನ್ನುವ ಕೊಬ್ಬಿನ ಮೀನಿಗೆ ಇದನ್ನು ಮಾಡುವುದು ರೂಢಿ. ಮೀನು ಮೊದಲು ಬೇಯುತ್ತದೆ, ಹೊಳಪು ಆಮೇಲೆ ಬರುತ್ತದೆ. ಸಾಸ್‌ಗೆ ಸೋಯಾ, ಮಿರಿನ್ (ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ), ಸಾಕೆ (ಕುಡಿಯುವ ಅಕ್ಕಿ ಮದ್ಯ), ಸಕ್ಕರೆ, ಅಷ್ಟೇ. ಬಾಟಲಿಯ ಬೆಳ್ಳುಳ್ಳಿ, ಎಳ್ಳು, ಅನಾನಸ್ ರಸ ಎಲ್ಲ ಸಮುದ್ರ ದಾಟಿದ ಮೇಲೆ ಸೇರಿಕೊಂಡದ್ದು. ಅದೇನೂ ಕೆಟ್ಟದ್ದಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ತೋಶಿಹಿರೋ ಕಸಹಾರ ಎಂಬವರು 1976ರಲ್ಲಿ ಒಂದು ಪುಟ್ಟ ಟೆರಿಯಾಕಿ ಹೋಟೆಲ್ ತೆರೆದು, ಆ ಊರಿನ ಬಾಯಿರುಚಿಯನ್ನೇ ಬದಲಿಸಿದರು. ಆದರೆ ಅಲ್ಲಿ ಓಡಿದ್ದು ಕೋಳಿ. ದಪ್ಪ ಬೆಳ್ಳುಳ್ಳಿ ಸಾಸ್ ಕೋಳಿಗೆ ಸರಿ, ಸಾಲ್ಮನ್ ಮೇಲೆ ಹಾಕಿದರೆ ಮೀನಿನ ರುಚಿಯೇ ಸಿಗುವುದಿಲ್ಲ.

ಸಾಕೆ ಬಗ್ಗೆ ಒಂದು ತಮಾಷೆ. ಜಪಾನಿಯಲ್ಲಿ ಅಕ್ಕಿಯ ಮದ್ಯಕ್ಕೂ ಸಾಕೆ, ಸಾಲ್ಮನ್ ಮೀನಿಗೂ ಸಾಕೆ. ಬರೆಯುವ ಅಕ್ಷರ ಬೇರೆ ಬೇರೆ. ನಾನು ಅಡುಗೆಮನೆಯಿಂದ "ಸಾಕೆ ಎಲ್ಲಿ?" ಅಂತ ಕೂಗಿದರೆ ಹೊರಗಿನಿಂದ "ಸಾಕು, ಇನ್ನೂ ಬೇಕಾ?" ಅಂತ ಉತ್ತರ ಬರುತ್ತದೆ. ಇರಲಿ.

ಓವನ್. ಇದರ ಬಗ್ಗೆ ನನಗೆ ದೊಡ್ಡ ಜಗಳ ಇಲ್ಲ. 200 ಡಿಗ್ರಿ, 12ರಿಂದ 15 ನಿಮಿಷ, ಫಾಯಿಲ್ ಹಾಸಿದ ತಟ್ಟೆ. ಮೀನು ಸಮನಾಗಿ ಬೇಯುತ್ತದೆ, ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ, ಆರು ತುಂಡು ಒಟ್ಟಿಗೆ ಆಗುತ್ತದೆ. ಆದರೆ ಸಾಸ್ ಜಾರಿ ತಟ್ಟೆಗೆ ಇಳಿದು, ಅಂಚಿನಲ್ಲಿ ಸೀದು, ಮೀನಿನ ಅಡಿಯಲ್ಲಿ ನೀರಾಗಿ ನಿಲ್ಲುತ್ತದೆ. ಹೊಳಪು ಬೇಕಾದರೆ ಕೊನೆಗೆ ಸಾಸ್ ಸವರಿ, ಮೇಲಿನ ಗ್ರಿಲ್ ಹಾಕಿ, ಎರಡು ನಿಮಿಷ ಕಣ್ಣು ಕೀಳದೆ ನೋಡುತ್ತಾ ನಿಲ್ಲಬೇಕು. ಹಾಗಿದ್ದ ಮೇಲೆ ಆರಾಮ ಎಲ್ಲಿ ಬಂತು? ಅದಲ್ಲದೆ ನಾವು ತಿನ್ನುವವರು ಇಬ್ಬರು. ಎರಡು ತುಂಡಿಗೆ ಅಷ್ಟು ದೊಡ್ಡ ಪೆಟ್ಟಿಗೆ ಕಾಯಿಸುವುದಕ್ಕೇ ಹತ್ತು ಹನ್ನೆರಡು ನಿಮಿಷ ಹೋಗುತ್ತದೆ. ನೆಂಟರು ಬಂದ ದಿನ ಮಾತ್ರ ಓವನ್.

ಏರ್ ಫ್ರೈಯರ್ ಮೇಲೆ ನನಗೆ ಭಾರೀ ನಿರೀಕ್ಷೆ ಇತ್ತು, ಯಾಕಂದರೆ ಅದನ್ನು ಕೊಂಡದ್ದೇ ಇಂಥ ಅಡುಗೆಗೆ. ಸಾಸ್ ಇಲ್ಲದೆ, ಬರೀ ಎಣ್ಣೆ ಸವರಿ ಇಟ್ಟರೆ ನಿಜವಾಗಿಯೂ ಚೆನ್ನಾಗಿ ಬರುತ್ತದೆ. 200 ಡಿಗ್ರಿ, ಎಂಟು ನಿಮಿಷ, ಮೇಲೆಲ್ಲ ಗರಿ. ಸಾಸ್ ಹಚ್ಚಿ ಇಟ್ಟಿರೋ, ಅದು ಜಾಲರಿಯ ತೂತಿನಿಂದ ಕೆಳಗಿಳಿದು ತಳದಲ್ಲಿ ಹೊಗೆಯಾಡುತ್ತದೆ. ತೂತು ತೂತಿನಲ್ಲೂ ಅಂಟಿಕೊಂಡ ಆ ಪಾಕವನ್ನು ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕುತ್ತಾ ನಿಂತಾಗ ಎಂಟು ನಿಮಿಷದ ಅಡುಗೆಯ ಖುಷಿ ಎಲ್ಲ ಇಳಿದುಹೋಗುತ್ತದೆ. ಸಾಸ್ ಬೇರೆ ಪಾತ್ರೆಯಲ್ಲಿ ಕಾಯಿಸಿ ಮೇಲೆ ಸುರಿಯಬಹುದು, ಸರಿ. ಆದರೆ ಹೇಗೂ ಒಲೆ ಹಚ್ಚಿದ ಮೇಲೆ ಮೀನನ್ನೂ ಅಲ್ಲೇ ಮಾಡಬಾರದಾ?

ಈಗ ನನ್ನ ಬಾಣಲೆಗೆ ಬರೋಣ. ತುಂಡು ಒಂದೊಂದೂ 150 ಗ್ರಾಂ ಆಸುಪಾಸು. ಸಾಸ್ ಇಬ್ಬರಿಗೆ: ಸೋಯಾ ಎರಡು ದೊಡ್ಡ ಚಮಚ, ಮಿರಿನ್ ಎರಡು, ಸಾಕೆ ಎರಡು, ಸಕ್ಕರೆ ಒಂದು. ಬಟ್ಟಲಲ್ಲಿ ಕಲಸಿ ಪಕ್ಕಕ್ಕೆ ಇಡಿ. ಮದ್ಯ ಬೇಡ ಎನ್ನುವವರು ಸಾಕೆ ಬದಲು ನೀರು, ಮಿರಿನ್ ಬದಲು ನೀರು ಮತ್ತು ಇನ್ನೆರಡು ಸಣ್ಣ ಚಮಚ ಸಕ್ಕರೆ ಹಾಕಿಕೊಳ್ಳಬಹುದು. ರುಚಿ ಸ್ವಲ್ಪ ಚಪ್ಪಟೆ ಆಗುತ್ತದೆ, ಹೊಳಪು ಬರುತ್ತದೆ. ಅಸಲಿ ಮಿರಿನ್‌ನಲ್ಲಿ ಸುಮಾರು 14 ಶೇಕಡಾ ಮದ್ಯ ಇರುತ್ತದೆ, ಕುದಿಸಿದರೆ ಪೂರ್ತಿ ಹೋಗುತ್ತದೆ ಅಂತ ನಂಬಬೇಡಿ.

ಮೀನನ್ನು ಕಾಗದದ ಟವೆಲ್‌ನಲ್ಲಿ ಚೆನ್ನಾಗಿ ಒತ್ತಿ ಒರೆಸಬೇಕು. ಇದೊಂದೇ ಕೆಲಸ ನಾನು ಸೋಮಾರಿತನ ಮಾಡದೆ ಮಾಡುವುದು. ಬಾಣಲೆ ಮಧ್ಯಮ ಉರಿಯಲ್ಲಿ ಕಾದ ಮೇಲೆ ಒಂದು ಚಮಚ ಎಣ್ಣೆ, ಚರ್ಮದ ಬದಿ ಕೆಳಗೆ. ಮೊದಲ ಹದಿನೈದು ಸೆಕೆಂಡು ಮಗುಚುವ ಕೈಯಿಂದ ಮೆಲ್ಲಗೆ ಒತ್ತಿಹಿಡಿಯಿರಿ, ಇಲ್ಲದಿದ್ದರೆ ಚರ್ಮ ಮುದುಡಿ ನಡುವೆ ಕಮಾನಾಗುತ್ತದೆ. ಆಮೇಲೆ ಮುಟ್ಟಬೇಡಿ. ತುಂಡಿನ ಪಕ್ಕಕ್ಕೆ ಬಗ್ಗಿ ನೋಡಿ. ಕೆಳಗಿನಿಂದ ತಿಳಿ ಗುಲಾಬಿ ಬಣ್ಣ ಮೆಲ್ಲಗೆ ಮೇಲೇರುತ್ತಾ ಬರುತ್ತದೆ, ಮೇಲಿನ ಭಾಗ ಇನ್ನೂ ಗಾಢ ಕಿತ್ತಳೆಯಾಗೇ ಇರುತ್ತದೆ. ಆ ಗೆರೆ ಮೂರರಲ್ಲಿ ಎರಡು ಪಾಲು ಏರಿದಾಗ, ಅಂದರೆ ಐದಾರು ನಿಮಿಷಕ್ಕೆ, ಮಗುಚಿ. ಚರ್ಮ ತಾನಾಗಿ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಇನ್ನೂ ಆಗಿಲ್ಲ ಅಂತ ಅರ್ಥ, ಅರ್ಧ ನಿಮಿಷ ಕಾಯಿರಿ.

ಇನ್ನೊಂದು ನಿಮಿಷ ಆದ ಮೇಲೆ ಬಾಣಲೆ ಓರೆ ಮಾಡಿ ಜಾಸ್ತಿ ಇರುವ ಕೊಬ್ಬನ್ನು ಟವೆಲ್‌ನಿಂದ ಹೀರಿ ತೆಗೆಯಿರಿ. ಇಲ್ಲವಾದರೆ ಸಾಸ್ ಒಡೆದು ಎಣ್ಣೆ ಮೇಲೆ ತೇಲುತ್ತದೆ. ಈಗ ಸಾಸ್ ಸುರಿಯಿರಿ. ಮೊದಲು ಸಣ್ಣ ಸಣ್ಣ ಬುರುಗು ಗಲಾಟೆ ಮಾಡುತ್ತದೆ. ಒಂದೂವರೆ ನಿಮಿಷದ ಹೊತ್ತಿಗೆ ಬುರುಗು ಅಡಗಿ, ದೊಡ್ಡ ದೊಡ್ಡ ಸೋಮಾರಿ ಗುಳ್ಳೆಗಳು ಏಳುತ್ತವೆ, ಸದ್ದೂ ಬದಲಾಗುತ್ತದೆ. ಅದೇ ಹದ. ಚಮಚದಿಂದ ಮೀನಿನ ಮೇಲೆ ನಾಲ್ಕೈದು ಸಲ ಸುರಿದು ಉರಿ ಆರಿಸಿಬಿಡಿ. ಪಾಕ ಬಂತೋ ಇಲ್ಲವೋ ಅಂತ ಅನುಮಾನ ಇದ್ದರೆ ಚಮಚದಿಂದ ತಳದಲ್ಲಿ ಗೆರೆ ಎಳೆಯಿರಿ. ಗೆರೆ ಒಂದು ಕ್ಷಣ ನಿಂತು ಮುಚ್ಚಿಕೊಂಡರೆ ಆಯಿತು. ಮುಚ್ಚಿಕೊಳ್ಳದೇ ಹೋದರೆ ಜಾಸ್ತಿ ಆಗಿದೆ, ತಕ್ಷಣ ಒಂದು ಚಮಚ ನೀರು ಹಾಕಿ. ನನ್ನ ಮೆಚ್ಚಿನ ಅಂಶ ಇದೇ: ಇಲ್ಲಿ ಕೆಡುವುದು ಕಣ್ಣೆದುರೇ ಕೆಡುತ್ತದೆ, ಸರಿಪಡಿಸಲು ಟೈಮ್ ಇರುತ್ತದೆ. ಓವನ್ ಬಾಗಿಲ ಹಿಂದೆ, ಏರ್ ಫ್ರೈಯರ್ ಡಬ್ಬಿಯೊಳಗೆ ಏನಾಗುತ್ತಿದೆ ಅಂತ ನಮಗೆ ಗೊತ್ತಾಗುವುದು ಘಾಟು ಬಂದ ಮೇಲೆ.

ಚರ್ಮದ ಗರಿ ಉಳಿಯಬೇಕು ಅನ್ನುವವರು ಸಾಸ್ ಹಾಕುವಾಗ ಚರ್ಮದ ಬದಿಯನ್ನು ಮೇಲೆಯೇ ಇಟ್ಟುಕೊಂಡು, ಪಕ್ಕಕ್ಕೆ ಮಾತ್ರ ಸಾಸ್ ಸೋಕಿಸಿ. ಪೂರ್ತಿ ಗರಿ ಏರ್ ಫ್ರೈಯರ್‌ಗೇ ಬಿಟ್ಟದ್ದು, ಅಲ್ಲಿ ಅದು ಗೆದ್ದಿತು, ಒಪ್ಪುತ್ತೇನೆ.

ಬೇಯುವಾಗ ಪಕ್ಕದಿಂದ ಬಿಳೀ ಕೆನೆ ತರಹ ಒಸರುತ್ತದಲ್ಲ, ಅದು ಕೊಬ್ಬಲ್ಲ, ಅಲ್ಬುಮಿನ್ ಅನ್ನುವ ಪ್ರೋಟೀನ್. ಕಾವು ಜಾಸ್ತಿಯಾಯಿತು ಅಂತ ಮೀನು ಹೇಳುವ ರೀತಿ ಅದು. ಓವನ್‌ನಲ್ಲಿ ನನಗೆ ಅತಿ ಹೆಚ್ಚು ಕಂಡದ್ದು ಇದೇ. ಒಳಗಿನ ಕಾವಿಗೆ ಅಮೆರಿಕದ ಸರ್ಕಾರಿ ಸಲಹೆ 63 ಡಿಗ್ರಿ. ನಾನು 54 ಆದಾಗಲೇ ಒಲೆಯಿಂದ ಇಳಿಸುತ್ತೇನೆ, ಒಳಗೆ ಇನ್ನೂ ರಸ ಇರುತ್ತದೆ. ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ 63ನ್ನೇ ಪಾಲಿಸಿ.

ಸಾಕಿದ ಅಟ್ಲಾಂಟಿಕ್ ಸಾಲ್ಮನ್ ಕೊಬ್ಬಿನದ್ದು, ಒಂದು ನಿಮಿಷ ಹೆಚ್ಚಾದರೂ ಕ್ಷಮಿಸುತ್ತದೆ. ಸಾಕದೆ ಹಿಡಿದ ಸಾಕ್‌ಐ (sockeye, ಸಾಲ್ಮನ್‌ನದೇ ಕೊಬ್ಬು ಕಮ್ಮಿಯ ಒಂದು ಜಾತಿ) ತರಹದ ತೆಳು ಮೀನಾದರೆ ಎರಡು ನಿಮಿಷ ಕಮ್ಮಿ ಮಾಡಿ.

ಉಪ್ಪು ಯಾವ ದಾರಿಯಲ್ಲೂ ತಪ್ಪುವುದಿಲ್ಲ. ಒಂದು ದೊಡ್ಡ ಚಮಚ ಸೋಯಾದಲ್ಲಿ 900 ಮಿಲಿಗ್ರಾಂ ಸೋಡಿಯಂ ಆಸುಪಾಸು, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 2000. ನಾನು ಉಪ್ಪು ಕಮ್ಮಿ ಇರುವ ಸೋಯಾ ಬಳಸುತ್ತೇನೆ, ಮೀನಿಗೆ ಬೇರೆ ಉಪ್ಪು ಹಾಕುವುದಿಲ್ಲ.

ಖರ್ಚಿನ ಮಾತು. ಮಿರಿನ್ ಮತ್ತು ಸಾಕೆ ಮೊದಲ ಸಲ ಕೊಳ್ಳುವಾಗ ಜೇಬಿಗೆ ಭಾರ ಅನ್ನಿಸುತ್ತದೆ, ಟೆರಿಯಾಕಿ ಬಾಟಲಿ ಅಗ್ಗ ಕಾಣುತ್ತದೆ. ಆದರೆ ಸಲಕ್ಕೆ ಎರಡೆರಡು ಚಮಚ ಹೋಗುವ ಮಿರಿನ್ ತಿಂಗಳುಗಟ್ಟಲೆ ಬರುತ್ತದೆ. ತಿಂಗಳಿಗೆ ಎರಡು ಸಲ ಇದನ್ನು ಮಾಡುವ ನನ್ನಂಥವರಿಗೆ ಲೆಕ್ಕ ಸರಿಹೋಯಿತು. ವರ್ಷಕ್ಕೊಮ್ಮೆ ಮಾಡುವವರಾದರೆ ಬಾಟಲಿಯನ್ನೇ ಕೊಳ್ಳಿ, ಆದರೆ ದಯವಿಟ್ಟು ಅದರಲ್ಲಿ ಮೀನು ನೆನೆಸಬೇಡಿ. ಎರಡು ಚಮಚ ಸಾಸ್‌ಗೆ ಒಂದು ಚಮಚ ನೀರು ಬೆರೆಸಿ, ಮೀನು ಬೆಂದ ಮೇಲೆ ಕೊನೆಯ ಒಂದು ನಿಮಿಷಕ್ಕೆ ಹಾಕಿ. ಅದರಲ್ಲಿ ಗಟ್ಟಿ ಮಾಡಲು ಹೆಚ್ಚಾಗಿ ಮೊದಲೇ ಕಾರ್ನ್‌ಫ್ಲೋರ್ ತರಹದ ಪಿಷ್ಟ ಇರುತ್ತದೆ, ಕುದಿಸುತ್ತಾ ನಿಂತರೆ ಗೋಂದು ಆಗುತ್ತದೆ.

ನನ್ನ ಆ ಹಳೇ ಬಾಟಲಿ ಇನ್ನೂ ಫ್ರಿಜ್ ಬಾಗಿಲಲ್ಲಿ ಅರ್ಧ ಉಳಿದಿದೆ. ಎಸೆಯಲು ಮನಸ್ಸಿಲ್ಲ. ಬ್ರೊಕೊಲಿ ಬೆಂದ ಮೇಲೆ ಒಂದೊಂದು ಚಮಚ ಹಾಕಿ ಖಾಲಿ ಮಾಡುತ್ತಿದ್ದೇನೆ, ಬ್ರೊಕೊಲಿಗೆ ಅದು ಚೆನ್ನಾಗೇ ಇದೆ.