ಎರಡು ಬಕೆಟ್, ಒಂದು ಡ್ರಮ್, ಒಂದು ಡಬ್ಬಿ: ನಮ್ಮೂರ ಕಸದ ಗಾಡಿ ಜೊತೆ ಮೂರು ವರ್ಷ

ಮಿಕ್ಸರ್ ಕೊಂಡರೆ ವಿಮರ್ಶೆ ಬರೆಯುತ್ತೇವೆ, ಚಪ್ಪಲಿ ಕೊಂಡರೂ ಬರೆಯುತ್ತೇವೆ. ಕಸದ ಗಾಡಿಗೆ ಯಾರೂ ಬರೆಯಲ್ಲ. ದುಡ್ಡಂತೂ ಅದಕ್ಕೂ ಕೊಡುತ್ತೇವೆ. ಮನೆ ತೆರಿಗೆ ಕಟ್ಟಿದ ರಸೀದಿ ತೆಗೆದು ನೋಡಿ, ಘನತ್ಯಾಜ್ಯ ಸೆಸ್ ಅಂತ ಒಂದು ಸಾಲು ಇರುತ್ತದೆ. ಹಾಗಾಗಿ ನಾನೂ ಗಿರಾಕಿಯೇ ಅಲ್ವಾ?

ನಮ್ಮದು ಕಲಬುರಗಿ ಜಿಲ್ಲೆಯ ಒಂದು ಪುರಸಭೆ ಊರು. ಹೆಸರು ಬೇಡ. ವಾರ್ಡಿನ ಮೆಂಬರ್ ನಮ್ಮ ಓಣಿಯವರೇ, ಅವರ ಮನೆಯವರು ಬ್ಲೌಸ್ ಹೊಲಿಸೋಕೆ ನಮ್ಮಲ್ಲಿಗೇ ಬರುತ್ತಾರೆ. ಹೌದು, ನಾನು ಮನೆಯಲ್ಲೇ ಮಶೀನ್ ಇಟ್ಟುಕೊಂಡು ಹೊಲಿಯುವವಳು. ಮನೆಯಲ್ಲಿ ನಾನು, ನಮ್ಮ ಮನೆಯವರು, ಅತ್ತೆ, ಇಬ್ಬರು ಮಕ್ಕಳು. ಅಡುಗೆಮನೆ ಕಸದ ಜೊತೆಗೆ ದಿನಾ ಒಂದು ಚೀಲ ಚಿಂದಿಯೂ ಬೀಳುತ್ತದೆ. ಕಸ ಜಾಸ್ತಿ ಇರುವ ಮನೆ ನಮ್ಮದು.

ಅಂಕ ಮೊದಲೇ ಹೇಳಿಬಿಡುತ್ತೇನೆ. ಗಾಡಿಗೆ ಐದಕ್ಕೆ ಮೂರು. ಗಾಡಿಯ ಹಿಂದೆ ನಡೆದು ಬರುವ ಅಕ್ಕನಿಗೆ ಐದಕ್ಕೆ ಐದು. ಈ ಎರಡಕ್ಕೂ ಬೇರೆ ಬೇರೆ ಅಂಕ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಗಾಡಿ ಅಂದರೆ ಆಟೋ ಟಿಪ್ಪರ್. ಬೆಳಿಗ್ಗೆ ಏಳರಿಂದ ಏಳೂವರೆ ಒಳಗೆ ಹಾಡು ಹಾಕಿಕೊಂಡು ಬರುತ್ತದೆ. ಹಿಂದೆ ಎರಡು ಭಾಗ, ಒಂದು ಹಸಿ ಕಸಕ್ಕೆ, ಇನ್ನೊಂದು ಒಣ ಕಸಕ್ಕೆ. ಮನೆಯಲ್ಲಿ ಹಸಿರು ಬಕೆಟ್, ನೀಲಿ ಬಕೆಟ್. 2016ರ ಘನತ್ಯಾಜ್ಯ ನಿಯಮದಲ್ಲಿ ಮನೆಯವರೇ ಕಸವನ್ನು ಮೂರು ಭಾಗ ಮಾಡಿ ಕೊಡಬೇಕು ಅಂತ ಇತ್ತು: ಹಸಿ, ಒಣ, ಮತ್ತೆ ಅಪಾಯದ ಕಸ. ಅಪಾಯದ ಕಸ ಅಂದರೆ ಸತ್ತ ಸೆಲ್, ಒಡೆದ ಟ್ಯೂಬ್‌ಲೈಟ್, ಅವಧಿ ಮೀರಿದ ಮಾತ್ರೆ, ಸಿರಿಂಜಿನ ಸೂಜಿ ಇಂಥವು. ಮೊದಲ ಎರಡು ನಮ್ಮ ಓಣಿಗೆ ಬೇಗ ಅರ್ಥವಾಯಿತು. ಮೂರನೆಯದು ನನಗೆ ಅರ್ಥವಾದ ರೀತಿ ಮಾತ್ರ ಸರಿ ಇರಲಿಲ್ಲ.

ಶುರುವಿನ ತಿಂಗಳುಗಳಲ್ಲಿ ಚಿಂದಿ ಚೀಲವನ್ನು ಹಾಗೇ ಕಟ್ಟಿ ಒಣ ಕಸಕ್ಕೆ ಕೊಡುತ್ತಿದ್ದೆ. ಒಂದು ದಿನ ಅಕ್ಕ ಬಾಗಿಲಿಗೆ ಬಂದು ಕೈ ಚಾಚಿದರು. ಹೆಬ್ಬೆರಳಿನ ಬುಡದಲ್ಲಿ ರಕ್ತ ಹನಿದಿತ್ತು. ಇನ್ನೊಂದು ಕೈಯಲ್ಲಿ ಮುರಿದ ಮಶೀನ್ ಸೂಜಿ. "ಯಕ್ಕಾ, ಇದು ನಿಮ್ಮ ಮಶೀನಿಂದೇ. ಇಡೀ ಓಣಿಯಾಗ ಹೊಲಿಯೋರು ನೀವೊಬ್ಬರೇ ಇದ್ದೀರಿ" ಅಂದರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ವಾಸಿ ಇತ್ತು. ನಾನು ಅರಿಶಿಣ ತರೋಕೆ ಒಳಗೆ ಓಡಿದೆ, ಹೊರಗೆ ಬರುವಷ್ಟರಲ್ಲಿ ಗಾಡಿ ಮೂರು ಮನೆ ದಾಟಿತ್ತು.

ಅವತ್ತಿನಿಂದ ಮಶೀನ್ ಪಕ್ಕ ಒಂದು ತಗಡಿನ ಡಬ್ಬಿ ಇದೆ. ಮುರಿದ ಸೂಜಿ, ಬಗ್ಗಿದ ಗುಂಡುಪಿನ್ನು, ಬ್ಲೇಡ್ ತುಂಡು, ಎಲ್ಲಾ ಅದರೊಳಗೆ. ದಪ್ಪ ಜೀನ್ಸ್ ಅಂಚು ಹೊಲಿಯುವ ದಿನ ಮೂರು ನಾಲ್ಕು ಸೂಜಿ ಮುರಿಯುವುದೂ ಉಂಟು.

ಆ ಅಕ್ಕ ಬಕೆಟ್ ಇಸಿದುಕೊಂಡು ಸುಮ್ನೆ ಸುರಿಯುವವರಲ್ಲ. ಬಗ್ಗಿಸಿ ನೋಡುತ್ತಾರೆ. ಹಸಿ ಕಸದಲ್ಲಿ ಹಾಲಿನ ಪಾಕೀಟು ಕಂಡರೆ ತೆಗೆದು ನಿಮ್ಮ ಕಟ್ಟೆ ಮೇಲೇ ಇಡುತ್ತಾರೆ. ಎರಡನೇ ದಿನವೂ ಕಂಡರೆ ಬಕೆಟ್ಟನ್ನೇ ವಾಪಸ್ ಇಡುತ್ತಾರೆ. ನಾಲ್ಕು ಜನ ನೋಡುವಾಗ ತುಂಬಿದ ಬಕೆಟ್ ಒಳಗೆ ತಗೊಂಡು ಹೋಗುವುದು ಯಾರಿಗೆ ಬೇಕು? ಗೋಡೆ ಮೇಲೆ ಬರೆಸಿದ ಬರಹದಿಂದ ಆಗದ ಕೆಲಸ ಇದರಿಂದ ಆಯಿತು. ಆರು ತಿಂಗಳಲ್ಲಿ ನಮ್ಮ ಓಣಿಯ ಮುಕ್ಕಾಲು ಮನೆಗಳು ಕಸ ಬೇರೆ ಮಾಡಿ ಕೊಡುತ್ತಿದ್ದವು.

ಇದು ಅಕ್ಕನಿಂದಲೇ ಆಯಿತು ಅನ್ನುವುದು ನನ್ನ ಅಂದಾಜಲ್ಲ, ಅವರು ಇಲ್ಲದಾಗ ಕಣ್ಣಾರೆ ನೋಡಿದ್ದು. ಎರಡನೇ ವರ್ಷದ ಮಳೆಗಾಲದಲ್ಲಿ ಟಿಪ್ಪರ್ ಕೆಟ್ಟು ನಿಂತಿತು. ಮೂರು ವಾರ ಟ್ರ್ಯಾಕ್ಟರ್ ಬಂತು. ಅದೂ ದಿನಾ ಅಲ್ಲ, ಎರಡು ದಿನಕ್ಕೊಮ್ಮೆ. ಟ್ರಾಲಿಯಲ್ಲಿ ಭಾಗ ಎಲ್ಲಿಂದ ಬರಬೇಕು? ನೀಲಿ ಬಕೆಟ್ ಬೇರೆ ಹಿಡಿದುಕೊಂಡು ನಿಂತ ನನಗೆ ಡ್ರೈವರ್ "ಹಾಕ್ರಿ ಹಾಕ್ರಿ, ಎಲ್ಲಾ ಒಂದೇ ಕಡಿ ಹೋಗ್ತದ" ಅಂದ. ಆ ಒಂದು ಮಾತು ಓಣಿ ತುಂಬ ಹಬ್ಬಿತು. ಎಂಟೇ ದಿನ. ಎಲ್ಲರ ಮನೆಯಲ್ಲೂ ಮತ್ತೆ ಒಂದೇ ಬಕೆಟ್. ಟಿಪ್ಪರ್ ರಿಪೇರಿಯಾಗಿ ಬಂದಾಗ ಹಿಂದೆ ಬೇರೆಯವರಿದ್ದರು. ಪಾಪ, ಕೆಲಸಕ್ಕೆ ಹೊಸಬರು. ಬಕೆಟ್ ಒಳಗೆ ನೋಡುತ್ತಿರಲಿಲ್ಲ. ಗಾಡಿಯಲ್ಲಿ ಎರಡು ಭಾಗ ಇದ್ದೂ ಎರಡರಲ್ಲೂ ಅದೇ ಕಲಸುಮೇಲೋಗರ. ಹಳೇ ಅಕ್ಕ ಬೇರೆ ವಾರ್ಡಿನಿಂದ ವಾಪಸ್ ಬಂದ ಮೇಲೆ ಮತ್ತೆ ಮೊದಲಿಂದ ಶುರು. ಮೂಲೆ ಮನೆಯ ಇಬ್ಬರು ಈಗಲೂ ದಾರಿಗೆ ಬಂದಿಲ್ಲ. ಮೂರು ಅಂಕ ಕೊಟ್ಟಿದ್ದು ಇದಕ್ಕೇ. ಗಾಡಿ ಕೆಟ್ಟಿದ್ದಕ್ಕಲ್ಲ, ಕೆಟ್ಟರೆ ಏನು ಮಾಡಬೇಕು ಅಂತ ಯಾರೂ ಯೋಚಿಸದೇ ಇದ್ದದ್ದಕ್ಕೆ.

ಆ ಮೂರು ವಾರದಲ್ಲೇ ನಾನು ಮನೆಯಲ್ಲಿ ಗೊಬ್ಬರ ಮಾಡೋಕೆ ಇಳಿದೆ. ಮಳೆಗಾಲದಲ್ಲಿ ಎರಡು ದಿನದ ಹಸಿ ಕಸ ಅಡುಗೆಮನೆಯಲ್ಲಿ ಇಟ್ಟುಕೊಂಡವರಿಗೆ ಕಾರಣ ಹೇಳಬೇಕಿಲ್ಲ. ಮೊದಲು ಆನ್‌ಲೈನಲ್ಲಿ 1,800 ರೂಪಾಯಿ ಕೊಟ್ಟು ಒಂದು ಗೊಬ್ಬರದ ಬುಟ್ಟಿ ತರಿಸಿದೆ. ಕೆಳಗೆ ನಲ್ಲಿ, ಮೇಲೆ ಮುಚ್ಚಳ, ನೋಡೋಕೆ ಚೆಂದ. ತಿಂಗಳೊಳಗೆ ನಲ್ಲಿ ಕಟ್ಟಿಕೊಂಡಿತು. ಬೇಸಿಗೆಗೆ ಮುಚ್ಚಳ ಹಪ್ಪಳದ ಹಾಗೆ ಸೊಟ್ಟಗಾಯಿತು. ಆಮೇಲೆ ಭಂಗಾರದ ಅಂಗಡಿಯಿಂದ 300 ರೂಪಾಯಿಗೆ ಒಂದು ಹಳೇ ನೀಲಿ ಡ್ರಮ್ ತಂದೆ. (ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರೆ. ಮೊದಲ ಅಕ್ಷರ ಹಗುರ ಮಾಡಿದರೆ ಚಿನ್ನ.) ಸುತ್ತ ಕಾಸಿದ ಕಬ್ಬಿಣದಿಂದ ತೂತು ಹಾಕಿ, ಕೆಳಗೆ ಇಟ್ಟಿಗೆ ಕೊಟ್ಟು ಮಾಳಿಗೆ ಮೇಲೆ ನಿಲ್ಲಿಸಿದೆವು. ಅತ್ತೆ ಮೆಟ್ಟಿಲ ಕೆಳಗಿಂದಲೇ ಅಂದರು: "ತಿಪ್ಪಿ ಬ್ಯಾಡಂತ ಹಳ್ಳಿ ಬಿಟ್ಟು ಬಂದೀವಿ. ಈಕಿ ಮಾಳಗಿ ಮ್ಯಾಲ ತಿಪ್ಪಿ ಹಾಕ್ಯಾಳ."

ನಿಜವಾಗಿ ಕಲಿಸಿದವರು ಅವರೇ. ತಿಪ್ಪೆ ನೋಡಿ ಬೆಳೆದವರು. ಹಸಿ ಕಸ ಹಾಕಿದ ಮೇಲೆ ಒಣದ್ದು ಹಾಕಬೇಕು, ಇಲ್ಲದಿದ್ದರೆ ನಾರುತ್ತದೆ ಅನ್ನುವುದು ಅವರ ಲೆಕ್ಕ. ಪುಸ್ತಕದ ಲೆಕ್ಕವೂ ಅದೇ. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ವಿಡಿಯೋದಲ್ಲಿ ಎಲ್ಲರೂ ತೆಂಗಿನ ನಾರಿನ ಪುಡಿ ಹಾಕಿ ಅಂತಾರೆ. ತೆಂಗು ನಮ್ಮಲ್ಲಿ ಎಲ್ಲಿದೆ? ತೊಗರಿ ಇದೆ. ಇಲ್ಲಿಯ ತೊಗರಿಗೆ 2019ರಲ್ಲಿ ಜಿಐ ಗುರುತೂ, ಅಂದರೆ ಈ ಊರಿನದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತೂ ಸಿಕ್ಕಿದೆ. ದಾಲ್ ಮಿಲ್ಲಿನಿಂದ ಒಂದು ಚೀಲ ತೊಗರಿ ಹೊಟ್ಟು ತಂದರೆ ಮೂರು ತಿಂಗಳು ಬರುತ್ತದೆ. ದನ ಇರುವವರು "ಹೊಟ್ಟು ಕಸಕ್ಕೆ ಹಾಕ್ತೀರೇನ್ರಿ" ಅಂತ ಬೈದರು, ಅದೂ ನಿಜವೇ. ಈಗ ಅರ್ಧ ಹೊಟ್ಟು, ಅರ್ಧ ಬೇವಿನ ಒಣ ಎಲೆ. ಬೇವಿನ ಎಲೆಯನ್ನಷ್ಟೇ ಹಾಕಿದಾಗ ಕೊಳೆಯೋದು ತುಂಬ ನಿಧಾನ ಆಯಿತು.

ರೊಟ್ಟಿ ಈ ಡ್ರಮ್ಮಿಗೆ ಹೋಗಲ್ಲ. ಉಳಿದ ರೊಟ್ಟಿ ದನಕ್ಕೆ. ಹೋಗುವುದು ಉಳ್ಳಾಗಡ್ಡಿ ಸಿಪ್ಪೆ, ಚಹಾಪುಡಿ, ಸೊಪ್ಪಿನ ಕಡ್ಡಿ, ಮೇ ತಿಂಗಳಲ್ಲಿ ಮಾವಿನ ಸಿಪ್ಪೆ. ಒಂದು ಎಚ್ಚರಿಕೆ, ಇದು ನಮ್ಮ ಕಡೆಯವರಿಗೆ ಮಾತ್ರ: ಪುಂಡಿ ಪಲ್ಯದ ಕಡ್ಡಿ ಹಾಗೇ ಹಾಕಬೇಡಿ. ಪುಂಡಿ ಅಂದರೆ ನಾರಿನ ಗಿಡ. ಎಲೆ ಕೊಳೆತರೂ ಕಡ್ಡಿಯ ನಾರು ಕೊಳೆಯಲ್ಲ. ಎರಡು ತಿಂಗಳ ಮೇಲೆ ಕೋಲಿನಿಂದ ತಿರುವಿದರೆ ಹಗ್ಗದ ಹಾಗೆ ಕೋಲಿಗೇ ಸುತ್ತಿಕೊಂಡು ಬಂತು. ಈಗ ಬೆರಳುದ್ದ ಕತ್ತರಿಸಿ ಹಾಕುತ್ತೇನೆ. ಕತ್ತರಿಯಂತೂ ಮನೆಯಲ್ಲಿ ಬೇಕಾದಷ್ಟಿದೆ.

ತೇವ ಎಷ್ಟಿರಬೇಕು ಅನ್ನುವುದಕ್ಕೆ ಮುಟಗಿ ನೆನೆಸಿಕೊಳ್ಳಿ. ಬಿಸಿ ರೊಟ್ಟಿ, ಬೆಳ್ಳುಳ್ಳಿ ಸೇರಿಸಿ ಮುಷ್ಟಿಯಲ್ಲಿ ಹಿಡಿಯುತ್ತೇವಲ್ಲ, ಹಾಗೆ ಗೊಬ್ಬರ ಹಿಡಿದು ಹಿಂಡಿ. ಉಂಡೆ ನಿಲ್ಲಬೇಕು, ನೀರು ಇಳಿಯಬಾರದು. ಮಳೆಗಾಲದಲ್ಲಿ ನೀರು ಇಳಿಯಿತು, ಬಿಳಿ ಹುಳ ತುಂಬಿದವು. ಚಿಕ್ಕವಳು ಎರಡು ದಿನ ಮಾಳಿಗೆ ಹತ್ತಲಿಲ್ಲ. ಆ ಹುಳ ಕಸವನ್ನೇ ತಿಂದು ಗೊಬ್ಬರಕ್ಕೆ ಸಹಾಯ ಮಾಡುತ್ತವೆ, ಮನುಷ್ಯರಿಗೆ ಏನೂ ಮಾಡಲ್ಲ. ಎರಡು ಹಿಡಿ ಹೊಟ್ಟು ಜಾಸ್ತಿ ಹಾಕಿ ತಿರುವಿದರೆ ಕಡಿಮೆಯಾಗುತ್ತವೆ. ಬೇಸಿಗೆ ಇದಕ್ಕಿಂತ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42-43 ಡಿಗ್ರಿ ಮಾಮೂಲು. ಮಾಳಿಗೆಗೆ ಹಾಸಿದ್ದು ಶಹಾಬಾದ್ ಕಲ್ಲು, ಮಧ್ಯಾಹ್ನ ಕಾಲಿಡೋಕೆ ಆಗಲ್ಲ. ಡ್ರಮ್ಮಿನೊಳಗೆ ಎಲ್ಲಾ ಒಣಗಿ ಕಸ ಕಸವಾಗಿಯೇ ಉಳಿಯಿತು. ಕೊಳೆಯಲೂ ಇಲ್ಲ, ನಾರಲೂ ಇಲ್ಲ, ಇರುವೆ ಮಾತ್ರ ಬಂದವು. ಡ್ರಮ್ಮನ್ನು ಮೆಟ್ಟಿಲ ಕೆಳಗಿನ ನೆರಳಿಗೆ ಇಳಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ವಾರಕ್ಕೊಮ್ಮೆ ಹುಳಿ ಮಜ್ಜಿಗೆ ನೀರು ಚಿಮುಕಿಸಿದ ಮೇಲೆ ಜೀವ ಬಂತು. ಮಾಳಿಗೆ ಕಲ್ಲಿನ ಮೇಲೆ ಡ್ರಮ್ ಇದ್ದ ಜಾಗದಲ್ಲಿ ಕರಿ ಕಲೆ ಉಳಿದಿದೆ. ಎಷ್ಟು ತಿಕ್ಕಿದರೂ ಹೋಗಿಲ್ಲ.

ಒಂದು ಡ್ರಮ್ ಹಣ್ಣಾಗೋಕೆ ನಮ್ಮಲ್ಲಿ ಮೂರು ತಿಂಗಳು ಹಿಡಿಯುತ್ತದೆ. ಗೊಬ್ಬರ ಮಾಡುವ ದೊಡ್ಡ ಘಟಕದಲ್ಲಿ ಕಸವನ್ನು ಉದ್ದ ಸಾಲು ಹಾಕಿ ತಿರುವುತ್ತಿರುತ್ತಾರೆ. ಅಲ್ಲಿ ರಾಶಿ ದೊಡ್ಡದಾದ್ದರಿಂದ ಒಳಗಿನ ಕಾವು 55 ಡಿಗ್ರಿ ದಾಟಿ ಬೇಗ ಆಗುತ್ತದೆ. ನಮ್ಮ ಡ್ರಮ್ಮಿಗೆ ಆ ಕಾವು ಏರಲ್ಲ. ಬಂದ ಗೊಬ್ಬರ ಮಲ್ಲಿಗೆ ಬಳ್ಳಿಗೆ, ಕರಿಬೇವಿಗೆ. ಉಳಿದದ್ದನ್ನು ಅತ್ತೆ ಊರ ಹೊಲದ ಬದುವಿಗೆ ಕಳಿಸುತ್ತಾರೆ, ತಿಪ್ಪೆ ಅಂತ ಬೈದವರೇ.

ಒಣ ಕಸದಲ್ಲಿ ಬಾಟಲಿ, ರಟ್ಟು, ಪೇಪರ್ ಭಂಗಾರಕ್ಕೆ ಹೋಗುತ್ತವೆ, ಗಾಡಿಗೆ ಕೊಡುವುದೇ ಕಡಿಮೆ. ತೊಂದರೆ ಇರುವುದು ಚಿಪ್ಸ್ ಪಾಕೀಟು, ಶಾಂಪೂ ಸ್ಯಾಶೆ, ತೆಳು ಕವರುಗಳದ್ದು. ಇವನ್ನು ಯಾವ ಭಂಗಾರದವರೂ ತಗೊಳ್ಳಲ್ಲ. ಇವಕ್ಕೂ ಒಂದು ದಾರಿ ಇದೆ, ಅದೂ ನಮ್ಮ ಜಿಲ್ಲೆಯವರಿಗೆ ದೂರದ್ದಲ್ಲ. ಸೇಡಂ, ಚಿತ್ತಾಪುರ, ವಾಡಿ ಸುತ್ತ ಸುಣ್ಣಕಲ್ಲು ಇರುವುದರಿಂದ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್ ಗೂಡಿನಲ್ಲಿ ಕಲ್ಲು ಸುಮಾರು 1,450 ಡಿಗ್ರಿಗೆ ಬೇಯುತ್ತದೆ. ಮರುಬಳಕೆಯಾಗದ ಪ್ಲಾಸ್ಟಿಕ್ ಅಲ್ಲಿ ಕಲ್ಲಿದ್ದಲಿನ ಜೊತೆ ಉರುವಲಾಗುತ್ತದೆ. ಕಸದಿಂದ ಉರುವಲು ಮಾಡುವ ಘಟಕದ 100 ಕಿಲೋಮೀಟರ್ ಒಳಗಿನ ಕಾರ್ಖಾನೆಗಳು ತಮ್ಮ ಉರುವಲಿನಲ್ಲಿ ಶೇ 5ರಷ್ಟಾದರೂ ಇದನ್ನು ಬಳಸಬೇಕು ಅಂತ 2016ರ ನಿಯಮವೇ ಹೇಳಿತ್ತು. ಆದರೆ ಅದು ಒಣಗಿರಬೇಕು. ಸಾರು ಮೆತ್ತಿದ, ಅನ್ನ ಅಂಟಿದ ಕವರ್ ಉರುವಲಾಗಲ್ಲ. ಟ್ರ್ಯಾಕ್ಟರಿನವನು "ಎಲ್ಲಾ ಒಂದೇ ಕಡಿ" ಅಂದಾಗ ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಒಂದೇ ಕಡೆ ಹೋಗೋಕೆ ಕಾರಣವೇ ಒಂದೇ ಟ್ರಾಲಿ.

ಚಿಂದಿ ವಿಷಯ ಉಳಿಯಿತು. ಕಾಟನ್ ತುಂಡುಗಳನ್ನು ಅತ್ತೆ ಬಿಡಲ್ಲ, ಕೌದಿ ಹೊಲಿಯುತ್ತಾರೆ. ಮೂರು ವರ್ಷದಲ್ಲಿ ನಾಲ್ಕು ಕೌದಿ ಆಗಿವೆ. ಒಂದರಲ್ಲಿ ಓಣಿಯ ಅರ್ಧ ಹೆಣ್ಣುಮಕ್ಕಳ ಬ್ಲೌಸ್ ಬಣ್ಣ ಗುರುತಿಸಬಹುದು. ಪಾಲಿಸ್ಟರ್ ಲೈನಿಂಗ್ ಮಾತ್ರ ಯಾವುದಕ್ಕೂ ಬರಲ್ಲ, ಒಣ ಕಸಕ್ಕೇ. ಪ್ಯಾಡು, ಡೈಪರನ್ನು ಪೇಪರಲ್ಲಿ ಸುತ್ತಿ ಕೆಂಪು ಪೆನ್ನಲ್ಲಿ ಗುರುತು ಹಾಕಿ ಬೇರೆ ಕೊಡಿ ಅಂತ ಅಕ್ಕ ಮನೆಮನೆಗೂ ಹೇಳಿದ್ದಾರೆ. ಗಂಡಸರಿದ್ದರೆ ಹೆಂಗಸರನ್ನು ಕರೆಸಿ ಹೇಳಿದರು. ದಯವಿಟ್ಟು ಮಾಡಿ, ಬಿಚ್ಚಿ ನೋಡುವ ಕೈ ಅವರದ್ದು. ಅವರ ಕೈಗವಸು ನೋಡಿದ್ದೀನಿ, ಬಲಗೈದು ಬೆರಳ ತುದಿಯಲ್ಲಿ ಹರಿದಿದೆ. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಅವತ್ತು ಶಾಲು ಹೊದಿಸಿದರಂತೆ. ಕೈಗವಸು ಅದೇ ಹಳೆಯದು.

ಮೊನ್ನೆ ನನ್ನ ಸೂಜಿ ಡಬ್ಬಿ ತುಂಬಿತು. ಬಾಯಿಗೆ ಟೇಪ್ ಸುತ್ತಿ ಕೊಟ್ಟೆ. ಅಕ್ಕ ಅದನ್ನು ಹಿಂದೆ ಹಾಕಲಿಲ್ಲ, ಮುಂದೆ ಡ್ರೈವರ್ ಸೀಟಿನ ಪಕ್ಕ ಇಟ್ಟರು. ಒಮ್ಮೆ ಅಲುಗಾಡಿಸಿ ಸದ್ದು ಕೇಳಿ ನಕ್ಕರು. "ಎಷ್ಟು ಜಂಪರಿನ ಸೂಜಿ ಇವು ಯಕ್ಕಾ?" ಅಂದರು. ಲೆಕ್ಕ ಇಟ್ಟಿಲ್ಲ ಅಂದೆ. "ಹಂಗಾದ್ರ ನಂದೂ ಒಂದು ಸೇರಿಸ್ರಿ. ಹಬ್ಬಕ್ಕ ಬೇಕು. ಅಳತಿ ಜಂಪರ್ ನಾಳಿ ತರ್ತೀನಿ" ಅಂದು ಮೂಲೆ ಮನೆಯ ಬಕೆಟ್ ಬಗ್ಗಿಸಿ ನೋಡೋಕೆ ಹೋದರು.