ಅನುಮಾನಕ್ಕೆ ಆರು ಸಿಟ್ಟಿಂಗ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ

ಜಯನಗರದ ಕಡೆ ಒಂದು ಸಣ್ಣ ಕೌನ್ಸೆಲಿಂಗ್ ಸೆಂಟರ್. ಹೆಸರು ಹಾಕುವುದಿಲ್ಲ, ಯಾಕೆಂದರೆ ಬೈಯೋದೂ ಇದೆ. ಸಿಟ್ಟಿಂಗ್‌ಗೆ 1,200 ರೂಪಾಯಿ, 50 ನಿಮಿಷ. ನಾನು ಹೋಗಿದ್ದು ಹೆಂಡತಿ ಮೇಲಿನ ಅನುಮಾನಕ್ಕೆ. ಆಗ ಅನುಮಾನ ಅಂತ ಒಪ್ಪುತ್ತಿರಲಿಲ್ಲ ಬಿಡಿ, "ನಾನು ಸ್ವಲ್ಪ ಪೊಸೆಸಿವ್" ಅಂತಿದ್ದೆ. ಆ ಪದಕ್ಕೆ ಏನೋ ಒಂದು ಗತ್ತು ಇದೆ ಅಲ್ವಾ?

ಅವಳು ಕೆಲಸ ಬದಲಾಯಿಸಿದ ಮೇಲೆ ಶುರುವಾಯಿತು. ಹೊಸ ಟೀಮು, ಅದೇ ಕ್ಯಾಬ್‌ನಲ್ಲಿ ಬರುವ ಒಬ್ಬ ಹುಡುಗ. ಪಕ್ಕದಲ್ಲೇ ಮಲಗಿರುವವಳ ಲಾಸ್ಟ್ ಸೀನ್ ನನ್ನ ಫೋನಿನಲ್ಲಿ ನೋಡುತ್ತಿದ್ದೆ ಅಂದರೆ ಲೆಕ್ಕ ಹಾಕಿ.

ಮೊದಲ ಎರಡು ಸಿಟ್ಟಿಂಗ್ ದಂಡ. ಅಲ್ಲಿದ್ದವರು "ಮುಚ್ಚಿಡೋದು ಏನಿದೆ, ಇಬ್ಬರೂ ಲೊಕೇಶನ್ ಶೇರ್ ಮಾಡ್ಕೊಳ್ಳಿ" ಅಂದರು. ಪಾಪ, ಅವಳೂ ಒಪ್ಪಿದಳು. ಆಮೇಲೆ ನನಗೆ ಇಡೀ ದಿನ ಆ ಚುಕ್ಕಿ ನೋಡುವುದೇ ಕೆಲಸ. ಸಿಲ್ಕ್ ಬೋರ್ಡ್ ಹತ್ತಿರ ಇಪ್ಪತ್ತು ನಿಮಿಷ ನಿಂತರೆ, ಅಲ್ಲಿ ಅರ್ಧ ಬೆಂಗಳೂರೇ ನಿಂತಿರುತ್ತೆ ಅಂತ ಗೊತ್ತಿದ್ದೂ, ಇವಳು ಯಾಕೆ ನಿಂತಳು ಅಂತ ಹೊಟ್ಟೆಯಲ್ಲಿ ಸಂಕಟ.

ಮೂರನೇ ಸಲ ಬೇರೆ ಮೇಡಂ ಸಿಕ್ಕರು. ಮೊದಲು ಲೊಕೇಶನ್ ಆಫ್ ಮಾಡಿಸಿದರು. "ಯಾರ ಫೋನು ಅಂತ ಕೇಳ್ತೀರಿ, ಅವರು ಹೇಳ್ತಾರೆ, ಎಷ್ಟು ಹೊತ್ತು ಸಮಾಧಾನ?" ಹತ್ತು ನಿಮಿಷ ಅಂದೆ. "ಕಜ್ಜಿ ಕೆರೆದ ಹಾಗೆ. ಕೆರೆದಷ್ಟೂ ಹೆಚ್ಚು" ಅಂದರು. ಅದಕ್ಕೆ ಒಂದು ನಿಯಮ: ಕೇಳಬೇಕು ಅನ್ನಿಸಿದ ಮೇಲೆ ಇಪ್ಪತ್ತು ನಿಮಿಷ ಸುಮ್ನೆ ಇರಬೇಕು. ಆಮೇಲೂ ಬೇಕಿದ್ದರೆ ಕೇಳಬಹುದು.

ಇನ್ನೊಂದು, ನೋಟ್‌ಬುಕ್ಕಿನಲ್ಲಿ ಎರಡು ಕಾಲಂ. ಎಡಕ್ಕೆ 'ಕಂಡಿದ್ದು', ಬಲಕ್ಕೆ 'ಕಟ್ಟಿದ್ದು'. ನನ್ನ ಮೊದಲ ದಿನದ್ದು ಹೇಳುತ್ತೇನೆ. ಕಂಡಿದ್ದು: ಬಾಲ್ಕನಿಯಲ್ಲಿ ಫೋನಲ್ಲಿ ನಗುತ್ತಿದ್ದಳು. ಒಂದೇ ಸಾಲು. ಕಟ್ಟಿದ್ದು ಮಾತ್ರ ಎರಡೂವರೆ ಪುಟ, ಕೊನೆಗೆ ನಾನು ಒಬ್ಬನೇ ಬಾಡಿಗೆ ರೂಮಿನಲ್ಲಿ ಅನ್ನ ಮಾಡಿಕೊಳ್ಳುವ ತನಕ ಹೋಗಿದ್ದೆ. ಮೇಡಂ ಆ ಅನ್ನದ ಹತ್ತಿರ ಬೆರಳಿಟ್ಟು, "ಭಯ ಇರೋದು ಇಲ್ಲಿ. ಆ ಹುಡುಗನ ಮೇಲೆ ಅಲ್ಲ" ಅಂದರು. ಆರು ತಿಂಗಳಿಂದ ನನಗೆ ಕೆಲಸ ಇರಲಿಲ್ಲ, ಅದನ್ನು ಅವರಿಗೆ ಅಲ್ಲಿಯವರೆಗೆ ಹೇಳೇ ಇರಲಿಲ್ಲ.

ಐದನೇದಕ್ಕೆ ಅವಳನ್ನೂ ಕರೆದರು. "ನೀನು ಕೇಳೋದಕ್ಕಿಂತ, ಕೇಳಾದ ಮೇಲೆ ನನ್ನ ಮುಖ ಓದ್ತೀಯಲ್ಲ, ಅದು ಹಿಂಸೆ" ಅಂದಳು. ಇದನ್ನು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಅಥವಾ ನಾನು ಕೇಳಿಸಿಕೊಂಡಿರಲಿಲ್ಲ.

ದೂರುಗಳು: ಕೊಡುವ ಹಾಳೆಗಳೆಲ್ಲ ಇಂಗ್ಲಿಷ್. ಕಾಯಿಸುತ್ತಾರೆ. ಪಾರ್ಕಿಂಗ್ ಇಲ್ಲ.

ಅಷ್ಟು ದುಡ್ಡು ಆಗಲ್ಲ ಅನ್ನುವವರು 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು, ನಿಮ್ಹಾನ್ಸ್‌ನವರ ಉಸ್ತುವಾರಿ ಇದೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆದರೆ ಏನೇ ತೋರಿಸಿದರೂ ಅನುಮಾನ ಅಲ್ಲಾಡದಿದ್ದರೆ, ಜೊತೆಗೆ ಕುಡಿತವೂ ಇದ್ದರೆ, ಅದು ಮನೋವೈದ್ಯರು ನೋಡಬೇಕಾದ ಕಾಯಿಲೆ ಇರಬಹುದು, ನೋಟ್‌ಬುಕ್ಕಿಗೆ ಬಗ್ಗಲ್ಲ. ಗಂಡ ಕೈ ಎತ್ತುತ್ತಿದ್ದರೆ ಕೌನ್ಸೆಲಿಂಗ್ ಆಮೇಲೆ, ಮೊದಲು ಮಹಿಳಾ ಸಹಾಯವಾಣಿ 181.

ನನ್ನದು ಐದಕ್ಕೆ ನಾಲ್ಕು ಸ್ಟಾರ್. ಹೆಂಡತಿ ಮೂರು ಅಂದಳು. ಯಾಕೆ ಮೂರು ಅಂತ ಕೇಳಬೇಕು ಅನ್ನಿಸುತ್ತಿದೆ. ಇನ್ನೂ ಹನ್ನೆರಡು ನಿಮಿಷ ಇದೆ.